ಎರಡು ಕಾಲಿನ ಮೂಲಂಗಿ

ಬೀದಿಯವರೆಲ್ಲ ಆ ದರ್ಜಿಯನ್ನು ಕರೆಯುತ್ತಿದ್ದುದು ಟೇಪು ಮಾಸ್ಟರು ಎಂದು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವನ ಕೊರಳಿಗೆ ಟೇಪು ಬೀಳುತ್ತಿತ್ತು. ಊಟಕ್ಕೆ ಕೂತಾಗಲೂ ಅದು ಅಲ್ಲೇ ಇರುತ್ತಿತ್ತು. ಎಷ್ಟೋ ಸಲ ಅದರ ತುದಿ ನೀರಿನ ಲೋಟದೊಳಗೆ ಇಳಿದು ಮೊದಲ ಎರಡಿಂಚಿನ ಅಂಕಿಗಳು ಅಳಿಸಿಹೋಗಿದ್ದವು. ಮನುಷ್ಯರನ್ನು ಅವನು ಮುಖದಿಂದ ನೆನಪಿಡುವವನಲ್ಲ, ಅಳತೆಯಿಂದ. ಅಂಗಡಿಗೆ ಯಾರು ಬಂದಿದ್ದರು ಎಂದು ಹೆಂಡತಿ ಕೇಳಿದರೆ, "ಅದೇ, ಎಡಗೈ ಅರ್ಧ ಇಂಚು ಉದ್ದ ಇದೆಯಲ್ಲ, ಅವರು" ಎನ್ನುತ್ತಿದ್ದ. ಅವಳಿಗೂ ಅಷ್ಟು ಸಾಕಾಗುತ್ತಿತ್ತು. ಹದಿನೇಳು ವರ್ಷದ ಸಂಸಾರವೆಂದರೆ ಸುಮ್ಮನೆ ಅಲ್ಲ.

ಕಸುಬು ಕಲಿಸಿದ್ದು ಅವನ ಚಿಕ್ಕಪ್ಪ. ಹೊಲಿಯುವುದನ್ನು ಕಲಿಸಿದ್ದು ಆಮೇಲಿನ ಮಾತು. ಮೊದಲ ಆರು ತಿಂಗಳು ಕಲಿಸಿದ್ದು ಬಿಚ್ಚುವುದನ್ನು. ಹೊಲಿಗೆ ಒಂದು ನೂಲಿನಷ್ಟು ಅಂಕುಡೊಂಕಾದರೂ ಚಿಕ್ಕಪ್ಪ ಬಟ್ಟೆಯನ್ನು ಮುಖದ ಮೇಲೆ ಎಸೆದು "ಬಿಚ್ಚು" ಎನ್ನುತ್ತಿದ್ದ. ಬಿಚ್ಚುವುದು, ಮತ್ತೆ ಹೊಲಿಯುವುದು. ಅದೇ ಅವನ ರಕ್ತಕ್ಕೆ ಇಳಿಯಿತು. ಗಿರಾಕಿ ಅಂಗಿ ತೊಟ್ಟು ಬಾಗಿಲು ದಾಟಿ ಹೋಗುತ್ತಿದ್ದರೂ, ಹಿಂದಿನಿಂದ ಕಾಲರು ಒಂದಿಷ್ಟು ವಾಲಿದಂತೆ ಕಂಡರೆ ಬೀದಿಗೆ ಓಡಿಹೋಗಿ ಅಂಗಿ ಬಿಚ್ಚಿಸಿಕೊಂಡು ಬರುವ ಆಸಾಮಿ. ಒಮ್ಮೆ ಹಾಗೆ ಒಬ್ಬ ಗುಮಾಸ್ತರು ಬನಿಯನ್ನಿನಲ್ಲೇ ಅರ್ಧ ಗಂಟೆ ಬಸ್ ಸ್ಟಾಪಿನಲ್ಲಿ ನಿಂತಿದ್ದರಂತೆ. ಬಸ್ಸು ತಪ್ಪಿತು, ಕಾಲರು ನೆಟ್ಟಗಾಯಿತು.

ಮನೆಯೆಂದರೆ ಸಾಲಾಗಿ ಮೂರು ಕೋಣೆ. ಮುಂದಿನದು ಅಂಗಡಿ, ನಡುವಿನದು ಎಲ್ಲರೂ ಮಲಗುವ ಕೋಣೆ, ಹಿಂದಿನದು ಅಡುಗೆಮನೆ. ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಮೋಟು ಸ್ಟೂಲು. ಅದರ ಮೇಲೆ ಕೂತು ಅವನ ಹೆಂಡತಿ ಗುಂಡಿ ತೂರಿಸುವ ಕಾಜಾ ತೆಗೆಯುತ್ತಿದ್ದಳು, ಗುಂಡಿ ಹಾಕುತ್ತಿದ್ದಳು, ಅಂಚು ಮಡಿಚಿ ಕೈಹೊಲಿಗೆ ಹಾಕುತ್ತಿದ್ದಳು. ತಲೆ ಎತ್ತಿದರೆ ಕಿಟಕಿಯಾಚೆ ಕಾಣುತ್ತಿದ್ದುದು ಹಿತ್ತಲು; ಅಂದರೆ ಒಡೆದ ಸಿಂಕು, ಯಾರೋ ಬಿಟ್ಟುಹೋದ ಇಟ್ಟಿಗೆ, ಸ್ಪ್ರಿಂಗು ಹೊರಬಂದ ಒಂದು ಕುರ್ಚಿ. ಹದಿನೇಳು ವರ್ಷದಿಂದ ಸೂಜಿಯಿಂದ ಕಣ್ಣು ತೆಗೆದಾಗಲೆಲ್ಲ ಅವಳ ಕಣ್ಣು ಬೀಳುತ್ತಿದ್ದುದು ಆ ಕುರ್ಚಿಯ ಮೇಲೆ.

ಒಂದು ದಿನ ಮಹಡಿಯ ಮೇಲಿದ್ದ ಓನರಮ್ಮ ಕೆಳಗಿಳಿದು ಬಂದು, ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸುತ್ತೇನೆ, ಹಳೇ ಸಾಮಾನು ಇಡೋಕೆ ಜಾಗ ಇಲ್ಲ ಎಂದಳು. ಆಗ ದರ್ಜಿಯ ಹೆಂಡತಿ ಸೂಜಿ ಕೆಳಗಿಟ್ಟು ಮಾತಾಡಿದಳು. ಏನನ್ನೂ ಕೇಳಿ ಅಭ್ಯಾಸವಿಲ್ಲದವಳಾದ್ದರಿಂದ ದನಿ ಸ್ವಲ್ಪ ಜೋರಾಗಿಯೇ ಬಂತು.

"ಆ ಜಾಗ ನನಗೆ ಬಿಡಿ ಅಮ್ಮಾ. ನಾಲ್ಕು ತರಕಾರಿ ಗಿಡ ಹಾಕ್ತೀನಿ."

"ನಿಂಗೆ ಗಿಡ ಬೆಳೆಸೋಕೆ ಬರುತ್ತಾ?"

"ಇಲ್ಲ. ಕಲೀತೀನಿ."

ಓನರಮ್ಮನಿಗೆ ನಗು ಬಂತು. ಮರುದಿನವೇ ಅವಳು ಮಗಳ ಬಾಣಂತನಕ್ಕೆ ಹೊರಟಿದ್ದಳು. "ನೋಡು, ಮೂರು ತಿಂಗಳಿಗೆ ಬರ್ತೀನಿ. ಬಂದಾಗ ಅಲ್ಲಿ ಹಸಿರು ಕಂಡ್ರೆ ಜಾಗ ನಿಂದು. ಕಾಣಲಿಲ್ವಾ, ಮಾರನೇ ದಿನವೇ ಶೆಡ್ಡು" ಎಂದಳು. ಅಲ್ಲಿ ಏನೂ ಬೆಳೆಯುವುದಿಲ್ಲ ಎಂಬ ನಂಬಿಕೆ ಎಷ್ಟಿತ್ತೆಂದರೆ, ಹೋಗುವ ಮೊದಲೇ ತಗಡು ತರಿಸಿ ಹಿತ್ತಲ ಗೋಡೆಗೆ ಒರಗಿಸಿಯೇ ಹೋದಳು.

ಮನೆಯಲ್ಲಿ ನಾಲ್ಕು ಜನ, ನಾಲ್ವರಿಗೂ ಮಣ್ಣೆಂದರೆ ಚಪ್ಪಲಿಗೆ ಹತ್ತುವ ವಸ್ತು ಅಷ್ಟೇ. ದರ್ಜಿಗೆ ಗೊತ್ತಿದ್ದುದು ಬಟ್ಟೆ, ಹೆಂಡತಿಗೆ ಸೂಜಿ. ಹದಿಮೂರರ ಮಗಳಿಗೆ ಗೊತ್ತಿದ್ದುದು ಪಾಠದ ಪುಸ್ತಕದಲ್ಲಿನ ಹೂವಿನ ಚಿತ್ರ. ನಾಲ್ಕನೆಯವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಅವರು ಹುಟ್ಟಿದ್ದು ಮೂರನೇ ಮಹಡಿಯಲ್ಲಿ, ಮದುವೆಯಾಗಿ ಹೋದದ್ದು ಎರಡನೇ ಮಹಡಿಗೆ. ಆದರೆ ತಲೆ ನರೆತಿದ್ದರಿಂದ ಗಿಡದ ವಿಷಯ ಅವರಿಗೆ ಗೊತ್ತಿರಲೇಬೇಕು ಎಂದು ಎಲ್ಲರೂ ಅಂದುಕೊಂಡರು. ಎಲ್ಲರೂ ಅಂದುಕೊಂಡ ಮೇಲೆ ಅತ್ತೆಯೂ ಹಾಗೇ ಅಂದುಕೊಂಡರು.

"ದಿನಕ್ಕೆ ಮೂರು ಸಲ ನೀರು" ಎಂದರು ಅತ್ತೆ.

"ಬೀಜದ ಪ್ಯಾಕೆಟ್ ಮೇಲೆ ಒಂದು ಸಲ ಅಂತಿದೆ ಅಜ್ಜಿ."

"ಪ್ಯಾಕೆಟ್‌ಗೆ ಏನು ಗೊತ್ತು, ಅದೂ ಅಂಗಡಿಯಲ್ಲೇ ಬೆಳೆದಿದ್ದು."

ಮೂರು ಭಾನುವಾರ ಸೇರಿ ಕಸ ಹೊತ್ತು ಹಾಕಿದರು, ಮಣ್ಣು ಅಗೆದರು. ಅಗೆಯುವಾಗ ಸಿಕ್ಕಿದ್ದು ಎರಡು ಚಮಚ, ಒಂದು ಬೀಗ, ಲೆಕ್ಕವಿಲ್ಲದಷ್ಟು ಕಲ್ಲು. ಆಮೇಲೆ ದರ್ಜಿ ತನ್ನ ಕೆಲಸಕ್ಕೆ ಇಳಿದ. ಹಿತ್ತಲನ್ನು ಅಳೆದ: ಉದ್ದ ಹದಿನೆಂಟು ಅಡಿ, ಅಗಲ ಹನ್ನೊಂದು ಮುಕ್ಕಾಲು. ಮಣ್ಣಿನ ಮೇಲೆ ಬಟ್ಟೆಯ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಹೋಗಿ ಸುಣ್ಣ ಮುರಿದುಕೊಂಡ. ಬಿಡಲಿಲ್ಲ, ಈ ಗೋಡೆಯಿಂದ ಆ ಗೋಡೆಗೆ ಬಿಳಿ ನೂಲು ಕಟ್ಟಿ ನಾಲ್ಕು ಸಾಲು ಮಾಡಿದ. ಎರಡು ಸಾಲು ಬೀನ್ಸು, ಒಂದು ಮೂಲಂಗಿ, ಒಂದು ಪಾಲಕ್. ಸುತ್ತಲೂ ಒಂದೂವರೆ ಇಂಚು ಜಾಗ ಬಿಟ್ಟ.

"ಇದು ಯಾಕೆ?" ಎಂದಳು ಹೆಂಡತಿ.

"ಮುಂದೆ ದಪ್ಪ ಆದ್ರೆ ಬಿಚ್ಚಿ ಅಗಲ ಮಾಡೋಕೆ."

"ಹಿತ್ತಲು ದಪ್ಪ ಆಗುತ್ತೇನ್ರೀ?"

"ಯಾರಿಗೆ ಗೊತ್ತು, ನಮಗಿದು ಹೊಸದು."

ಬೀಜ ಊರಿದ ಒಂಬತ್ತನೆಯ ದಿನ ಹೆಂಡತಿ ಹಿಂಬಾಗಿಲಿಂದ ಕೂಗಿದ ಕೂಗಿಗೆ ಗಿರಾಕಿಯ ಸೊಂಟದಲ್ಲಿ ಟೇಪು ಬಿಟ್ಟು ದರ್ಜಿ ಓಡಿಬಂದ. ಬೀನ್ಸು ಮೊಳೆತಿತ್ತು. ಕತ್ತು ಬಗ್ಗಿಸಿ, ತಲೆಯ ಮೇಲೆ ಮಣ್ಣು ಹೊತ್ತು, ಒಂದೊಂದಾಗಿ ಏಳುತ್ತಿದ್ದವು. ನಾಲ್ವರೂ ಕುಕ್ಕರಗಾಲಲ್ಲಿ ಕೂತು ನೋಡಿದ್ದೇ ನೋಡಿದ್ದು. ಅತ್ತೆ ಕಣ್ಣೊರೆಸಿಕೊಂಡು, ನಾನು ಹೇಳಿದ ಹಾಗೆ ನೀರು ಹಾಕಿದ್ದಕ್ಕೆ ಅಂದರು. ಹೆಂಡತಿ ಅವತ್ತು ಸ್ಟೂಲನ್ನು ಕಿಟಕಿಗೆ ಇನ್ನೂ ಹತ್ತಿರ ಎಳೆದುಕೊಂಡಳು. ಕಾಜಾ ತೆಗೆಯುವಾಗ ಅವಳು ಗುನುಗುವುದನ್ನು ದರ್ಜಿ ಕೇಳಿದ್ದು ಅದೇ ಮೊದಲು.

ವಾರದೊಳಗೆ ಎಲ್ಲಕ್ಕೂ ಎರಡೆರಡು ಎಲೆ ಬಂದವು. ಎಲೆ ಬಂದ ಮೇಲೆ ಒಂದು ವಿಷಯ ದರ್ಜಿಯ ಕಣ್ಣಿಗೆ ಬಿತ್ತು. ಸಾಲು ನೆಟ್ಟಗಿರಲಿಲ್ಲ.

ನೂಲು ನೆಟ್ಟಗಿತ್ತು, ಗಿಡ ಇರಲಿಲ್ಲ. ನಾಲ್ಕನೆಯದು ಎರಡು ಬೆರಳು ಎಡಕ್ಕೆ, ಒಂಬತ್ತನೆಯದು ಬಲಕ್ಕೆ. ಮೂಲಂಗಿಯಂತೂ ಕುಡಿದವನು ಹೊಲಿದ ಹೊಲಿಗೆ. ಬೇರೆ ಯಾರಿಗೂ ಅದು ಕಾಣಲಿಲ್ಲ, ಅವನಿಗೆ ಬೇರೇನೂ ಕಾಣಲಿಲ್ಲ. ಮಿಷನ್ನಿನ ಮುಂದೆ ಕೂತರೂ ಒಂಬತ್ತನೇ ಗಿಡವೇ ಕಣ್ಣ ಮುಂದೆ. ಎರಡು ದಿನ ತಡೆದುಕೊಂಡ. ಮೂರನೆಯ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಹಿತ್ತಲಿಗೆ ಹೋಗಿ, ಅಡುಗೆಮನೆಯ ಚಮಚದಿಂದ ಸೊಟ್ಟ ಗಿಡಗಳನ್ನೆಲ್ಲ ಕಿತ್ತು, ನೂಲಿನ ಕೆಳಗೆ ಒಂದೊಂದಾಗಿ ನೆಟ್ಟು, ಮಣ್ಣು ಒತ್ತಿ, ನೀರು ಹಾಕಿ, ಚಮಚ ತೊಳೆದಿಟ್ಟು ಬಂದ. ಎದ್ದು ನಿಂತು ನೋಡಿದರೆ ಸಾಲು ಹೊಸ ಪ್ಯಾಂಟಿನ ಇಸ್ತ್ರಿ ಗೆರೆಯ ಹಾಗೆ. ಅವತ್ತು ಎಲ್ಲರಿಗಿಂತ ಜಾಸ್ತಿ ತಿಂಡಿ ತಿಂದದ್ದು ಅವನೇ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಬೀನ್ಸು ಗಿಡ ಸೋತು ಮಲಗಿದವು. ಮರುದಿನ ಒಣಗಿದವು. ಮೂಲಂಗಿ ಮಾತ್ರ ಹೇಗೋ ಜೀವ ಹಿಡಿದುಕೊಂಡಿತು.

ಮನೆಯಲ್ಲಿ ವಿಚಾರಣೆ ನಡೆಯಿತು. ಮಗಳು ಇರುವೆ ಎಂದಳು. ಹೆಂಡತಿ, ಮೇಲಿನಿಂದ ಯಾರೋ ಸೋಪಿನ ನೀರು ಚೆಲ್ಲಿರಬೇಕು ಎಂದಳು. ಮೇಲಿನ ಮನೆಗೆ ಬೀಗ ಬಿದ್ದು ತಿಂಗಳಾಗಿತ್ತು. ಅತ್ತೆ, ದಿನಕ್ಕೆ ಮೂರು ಸಲ ಸಾಲದು, ನಾಲ್ಕು ಸಲ ಎಂದರು.

"ನೀವೇನಂತೀರಿ?" ಎಂದು ಹೆಂಡತಿ ಅವನ ಕಡೆ ತಿರುಗಿದಳು.

"ಬೀಜ ಸರಿ ಇರಲಿಲ್ಲ ಅನ್ಸುತ್ತೆ" ಎಂದ ದರ್ಜಿ, ಟೇಪನ್ನು ಬೆರಳಿಗೆ ಸುತ್ತುತ್ತ. ಅವನಿಗೂ ಸತ್ಯ ಪೂರ್ತಿ ಗೊತ್ತಿರಲಿಲ್ಲ ಎನ್ನಿ. ಬಿಚ್ಚಿ ಹೊಲಿದದ್ದು ಹಾಳಾಗುತ್ತದೆ ಎಂದು ನಲವತ್ತು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಆದರೂ ತೊಳೆದಿಟ್ಟಿದ್ದ ಚಮಚವನ್ನು ಅವನು ಇನ್ನೊಮ್ಮೆ ತೊಳೆದಿಟ್ಟ.

ಹೆಂಡತಿ ಆ ಹನ್ನೊಂದು ಜಾಗದಲ್ಲಿ ಮತ್ತೆ ಬೀಜ ಊರಿದಳು. ಅವೂ ಮೊಳೆತವು. ಬೀಜಕ್ಕೆ ನೂಲು ಕಾಣುತ್ತದೆಯೇ? ಕೆಲವು ಅತ್ತ, ಕೆಲವು ಇತ್ತ. ದರ್ಜಿ ಈ ಸಲ ಐದು ದಿನ ತಡೆದುಕೊಂಡ. ಆರನೆಯ ಬೆಳಿಗ್ಗೆ, ಹೋದ ಸಲ ಬೇರು ಸಡಿಲವಾಗಿತ್ತೇನೋ, ಈ ಸಲ ಗಟ್ಟಿಯಾಗಿ ಒತ್ತೋಣ ಎಂದುಕೊಂಡು ಚಮಚ ಹಿಡಿದು ಹೋದ. ಸಂಜೆಗೆ ಎಂಟು ಗಿಡ ಹೋದವು.

ಹೆಂಡತಿ ಗುನುಗುವುದು ನಿಂತಿತು. ಮೂರು ತಿಂಗಳಲ್ಲಿ ಅರ್ಧ ಕಳೆದಿತ್ತು. ಕಿಟಕಿಯಾಚೆ ಬಹುತೇಕ ಬೋಳಾದ ಎರಡು ಸಾಲು, ಗೋಡೆಗೆ ಒರಗಿ ಹೊಳೆಯುವ ತಗಡು. "ನನ್ನ ಕೈಗುಣವೇ ಸರಿ ಇಲ್ಲ" ಎಂದು ಅವಳು ತನಗೆ ತಾನೇ ಹೇಳಿಕೊಂಡದ್ದು ಅಂಗಡಿಯವರೆಗೆ ಕೇಳಿಸಿತು. ದರ್ಜಿಯ ಕಾಲು ಪೆಡಲ್ ಮೇಲೆ ನಿಂತಿತು. ಈಗ ಹೇಳಿಬಿಡೋಣ ಎಂದು ಎದ್ದ. ಅಷ್ಟರಲ್ಲಿ ಗಿರಾಕಿ ಬಂದರು. ಗಿರಾಕಿ ಹೋದ ಮೇಲೆ ಧೈರ್ಯವೂ ಅವರ ಹಿಂದೆಯೇ ಹೋಯಿತು.

ಹೇಳಿದ್ದು ಅವನಲ್ಲ, ಮೂಲಂಗಿ.

ಒಂದು ಬೆಳಿಗ್ಗೆ ಮಗಳು ದೊಡ್ಡ ಎಲೆ ನೋಡಿ ಮೊದಲ ಮೂಲಂಗಿ ಕಿತ್ತಳು. ಅದಕ್ಕೆ ಎರಡು ಕಾಲಿದ್ದವು. ಇನ್ನೊಂದು ಕಿತ್ತಳು, ಅದಕ್ಕೂ ಎರಡು. ಸೊಂಟ, ಕೆಳಗೆ ಎರಡು ಕಾಲು, ಥೇಟು ಪ್ಯಾಂಟು. ಮೂರನೆಯದಂತೂ ಕಾಲಮೇಲೆ ಕಾಲು ಹಾಕಿಕೊಂಡು ಕೂತಂತಿತ್ತು. ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಅಪ್ಪಾ, ಮೂಲಂಗಿಗೂ ಪ್ಯಾಂಟ್ ಹೊಲಿದಿದೀಯಾ?"

ಮುಂಬಾಗಿಲಲ್ಲಿ ತರಕಾರಿ ಗಾಡಿಯವಳು ನಿಂತಿದ್ದಳು. ಮನೆಯವರೆಲ್ಲ ಮೂಲಂಗಿ ಹಿಡಿದು ಅವಳ ಬಳಿ ಹೋದರು. ಅವಳು ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಕಲ್ಲು ತಾಗಿದ್ರೂ ಹೀಗಾಗುತ್ತೆ ಅಕ್ಕಾ. ಆದ್ರೆ ಇಷ್ಟೊಂದು, ಅದೂ ಒಂದೇ ಥರ, ಅಂದ್ರೆ ಯಾರೋ ಎಳೇದ್ರಲ್ಲೇ ಕಿತ್ತು ನೆಟ್ಟಿದಾರೆ. ಬೇರಿನ ತುದಿ ಮುರಿದ್ರೆ ಮೂಲಂಗಿ ಕವಲು ಒಡೆಯುತ್ತೆ."

"ಬೀನ್ಸ್ ಕಿತ್ತು ನೆಟ್ರೆ?" ಎಂದಳು ಹೆಂಡತಿ ನಿಧಾನವಾಗಿ.

"ಬೀನ್ಸಾ? ಅದು ಸತ್ತೇ ಹೋಗುತ್ತೆ. ಅದನ್ನ ಯಾರಾದ್ರೂ ಕೀಳ್ತಾರಾ?"

ಮೂರು ಜೊತೆ ಕಣ್ಣು ಒಟ್ಟಿಗೇ ದರ್ಜಿಯ ಕಡೆ ತಿರುಗಿದವು. ಅವನು ಕೊರಳ ಟೇಪನ್ನು ತೆಗೆದು ಮಡಿಚಿದ, ಬಿಡಿಸಿದ, ಮತ್ತೆ ಮಡಿಚಿದ.

"ಸಾಲು ಸೊಟ್ಟ ಇತ್ತು" ಎಂದ.

"ಎರಡು ಸಲಾನೂ?"

"ಎರಡು ಸಲಾನೂ."

ಹೆಂಡತಿ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಮೂಲಂಗಿಗಳನ್ನು ಸೆರಗಿಗೆ ಹಾಕಿಕೊಂಡು ಅಡುಗೆಮನೆ ಹೊಕ್ಕಳು, ಹಿಂಬಾಗಿಲಲ್ಲಿ ನಿಂತಳು, ತಿರುಗಿದಳು. "ನನ್ನ ಕೈ ಸರಿ ಇಲ್ಲ ಅಂತ ಹದಿನೈದು ದಿನದಿಂದ ಅಂದ್ಕೊಂಡಿದೀನಿ. ನೀವು ಕೇಳಿಸ್ಕೊಂಡು ಸುಮ್ಮನಿದ್ರಿ. ಗಿಡ ಹೋದ್ರೆ ಹೋಯ್ತು, ಇದು ನಂಗೆ ಹಿಡಿಸಲಿಲ್ಲ. ಇನ್ನು ಮೇಲೆ ಈ ಮೆಟ್ಟಿಲು ಇಳೀಬೇಡಿ."

ಅಂದಿನಿಂದ ಹಿತ್ತಲು ಮೂರು ಜನರದಾಯಿತು. ದರ್ಜಿ ಮುಂದಿನ ಕೋಣೆಯಲ್ಲಿ ಕೂತು ಮಿಷನ್ನು ತುಳಿಯುತ್ತಿದ್ದರೆ ಹಿಂದಿನಿಂದ ನೀರು ಚೆಲ್ಲುವ ಸದ್ದು, ಅತ್ತೆಯ ಉಪದೇಶ, ಮಗಳ ಕಿಲಕಿಲ ಕೇಳಿಸುತ್ತಿತ್ತು. ಹೆಂಡತಿ ಮೂರನೆಯ ಸಲ ಬೀಜ ಊರಿದಳು. ಈ ಸಲ ನೂಲನ್ನೂ ಬಿಚ್ಚಿ ಸುತ್ತಿಟ್ಟಳು. ಅವನು ನೀರು ಕುಡಿಯುವ ನೆವದಲ್ಲಿ ದಿನಕ್ಕೆ ಹತ್ತು ಸಲ ಅಡುಗೆಮನೆಗೆ ಬಂದು ಕಿಟಕಿಯಿಂದ ಇಣುಕುತ್ತಿದ್ದ. "ಬಾಯಾರಿಕೆ ಜಾಸ್ತಿ ಆಗಿದೆ ಅಳಿಯಂದ್ರಿಗೆ" ಎನ್ನುತ್ತಿದ್ದರು ಅತ್ತೆ.

ಹಾಗೆ ಇಣುಕುವಾಗಲೇ ಅವನು ಒಂದು ಬಳ್ಳಿಯನ್ನು ಕಂಡದ್ದು. ಕಿಟಕಿಯ ಕೆಳಗೆ, ಯಾವ ಸಾಲಿಗೂ ಸೇರದ ಮೂಲೆಯಲ್ಲಿ ಯಾವಾಗಲೋ ಎದ್ದು ಹಬ್ಬತೊಡಗಿತ್ತು. ಅದನ್ನು ಯಾರೂ ಬಿತ್ತಿರಲಿಲ್ಲ. ಕಸದ ಡಬ್ಬಿಯವರೆಗೆ ಹೋಗಲು ಬೇಸರವಾಗಿ ಅತ್ತೆ ಎಂದೋ ಕುಂಬಳಕಾಯಿಯ ತಿರುಳನ್ನು ಕಿಟಕಿಯಿಂದ ಆಚೆ ಎಸೆದಿದ್ದರು, ಅಷ್ಟೇ. ಅದು ಸಾಲು ಎಂದರೇನೆಂದೇ ಗೊತ್ತಿಲ್ಲದ ಜಾತಿ. ಇವತ್ತು ಪಾಲಕ್ ಮೇಲೆ ಕೈ ಹಾಕಿದರೆ ನಾಳೆ ಬೀನ್ಸಿನ ಕಡೆ ಹೊರಳುತ್ತಿತ್ತು. ದರ್ಜಿಯ ಕೈ ಕತ್ತರಿಗಾಗಿ ತುರಿಸುತ್ತಿತ್ತು. ಮೆಟ್ಟಿಲು ಇಳಿಯುವ ಅಧಿಕಾರ ಇದ್ದಿದ್ದರೆ ಮೊದಲ ವಾರವೇ ಅದನ್ನು ಹದಕ್ಕೆ ಕತ್ತರಿಸಿರುತ್ತಿದ್ದ. ಇರಲಿಲ್ಲವಾದ್ದರಿಂದ ನೀರು ಕುಡಿದು ವಾಪಸು ಹೋಗುತ್ತಿದ್ದ.

ದಿನ ಕಳೆದಂತೆ ನೋಡುವುದೇ ಅಭ್ಯಾಸವಾಯಿತು. ನಿನ್ನೆ ಈ ಎಲೆ ಇರಲಿಲ್ಲ. ಈ ಎಳೆ ಕುಡಿ ಕಡ್ಡಿಗೆ ಎರಡು ಸುತ್ತು ಹಾಕಿದ್ದು ಯಾವಾಗ? ಎಂಥಾ ಗಟ್ಟಿ ಸುತ್ತು, ಗಂಟಿಲ್ಲದೆ ನಿಂತಿದೆಯಲ್ಲ. ಒಂದು ದಿನ ಅವನು ಲೋಟ ಹಿಡಿದು ನಿಂತೇ ಇದ್ದ, ನೀರು ಕುಡಿಯುವುದನ್ನೇ ಮರೆತಿದ್ದ. ಹೆಂಡತಿ ಸ್ಟೂಲಿನಿಂದ ಓರೆಗಣ್ಣಲ್ಲಿ ನೋಡಿದಳು, ಮತ್ತೆ ಸೂಜಿಗೆ ನೂಲು ಪೋಣಿಸಿದಳು.

ಮೂರು ತಿಂಗಳಿಗೆ ಇನ್ನೂ ಹನ್ನೆರಡು ದಿನ ಇರುವಾಗಲೇ ಓನರಮ್ಮ ಬಂದಿಳಿದಳು. ಮಗಳ ಮನೆಯಲ್ಲಿ ನಿದ್ದೆ ಇಲ್ಲ, ಮೊಮ್ಮಗುವಿನದು ಒಂದೇ ಅಳು ಎಂದುಕೊಂಡು ನೇರ ಹಿತ್ತಲಿಗೆ ನುಗ್ಗಿದಳು. ಹಿಂದೆಯೇ ಶೆಡ್ಡು ಹಾಕುವ ಇಬ್ಬರು.

ಹಿತ್ತಲು ಕಾಣುವಂತಿರಲಿಲ್ಲ. ಬೀನ್ಸು ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಮೂಲಂಗಿ ಮುಗಿದಿತ್ತು, ಪಾಲಕ್ ಬಳ್ಳಿಯಡಿ ಮುಚ್ಚಿಹೋಗಿತ್ತು. ಉಳಿದದ್ದೆಲ್ಲ ಕುಂಬಳ: ನೆಲದ ಮೇಲೆ ಕುಂಬಳ, ಗೋಡೆಯ ಮೇಲೆ ಕುಂಬಳ, ಅವಳ ತಗಡಿನ ರಾಶಿಯನ್ನು ಪೂರ್ತಿ ಹೊದ್ದು ಮಲಗಿದ್ದು ಕುಂಬಳ.

"ಇದೇನು?"

"ಹಸಿರು ಅಮ್ಮಾ" ಎಂದಳು ಹೆಂಡತಿ.

"ನಾನಂದಿದ್ದು ತೋಟ. ಇದು ಕಾಡು. ಹಾವು ಸೇರಿಕೊಂಡ್ರೆ? ಮೊದಲು ನನ್ನ ತಗಡು ತೆಗೀಬೇಕು." ಅವಳು ಮನೆಯೊಳಗೆ ತಿರುಗಿ ಕೂಗಿದಳು. "ಮಾಸ್ಟರೇ, ನಿಮ್ಮ ದೊಡ್ಡ ಕತ್ತರಿ ತಗೊಂಡ್ ಬನ್ನಿ ಇಲ್ಲಿ."

ದರ್ಜಿ ಆಗ ಒಂದು ಕೋಟಿನ ತೋಳು ಕತ್ತರಿಸುತ್ತಿದ್ದ. ಕೈಯಲ್ಲಿದ್ದ ಕತ್ತರಿಯ ಸಮೇತ ಬಂದು ಹಿಂಬಾಗಿಲಲ್ಲಿ ನಿಂತ. ಓನರಮ್ಮನ ಮಾತಿಗೆ ಇದುವರೆಗೆ ಅವನು ಇಲ್ಲ ಎಂದದ್ದಿಲ್ಲ. ಅವಳು ಒಂದು ರವಿಕೆಯನ್ನು ನಾಲ್ಕು ಸಲ ಬಿಚ್ಚಿಸಿದಾಗಲೂ. ಹೆಂಡತಿ ಅವನನ್ನು ನೋಡಿದಳು.

"ಯಾಕೆ ನಿಂತ್ರಿ? ಇಳೀರಿ."

"ನಂಗೆ ಈ ಮೆಟ್ಟಿಲು ಇಳಿಯೋಕೆ ಅಪ್ಪಣೆ ಇಲ್ಲಮ್ಮಾ" ಎಂದ ದರ್ಜಿ. ಆಮೇಲೆ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಇದ್ದಿದ್ರೂ ಕತ್ತರಿಸ್ತಿರಲಿಲ್ಲ. ಬಟ್ಟೆ ಆದ್ರೆ ಹಾಳಾದ್ರೂ ಮತ್ತೆ ಕೂಡಿಸಿ ಕೊಡ್ತೀನಿ. ಇದು ನನ್ನ ಕೈಲಿ ಆಗಲ್ಲ. ಒಂದ್ಸಲ ಮಾಡಿ ನೋಡಿದೀನಿ. ಎರಡು ಸಲ."

ಓನರಮ್ಮನ ಬಾಯಿ ಅರ್ಧ ತೆರೆದೇ ಇತ್ತು. ಆ ಸಂದಿಯಲ್ಲಿ ಅತ್ತೆ ನುಗ್ಗಿದರು. ಒಂದು ಅಗಲ ಎಲೆಯನ್ನು ಮುಸುಕು ಸರಿಸುವ ಹಾಗೆ ಸರಿಸಿ ತೋರಿಸಿದರು. ತಗಡಿನ ಮೇಲೆ ಮುಷ್ಟಿಗಾತ್ರದ ಒಂದು ಕಾಯಿ ಬೆನ್ನು ಕಾಯಿಸಿಕೊಳ್ಳುತ್ತ ಕೂತಿತ್ತು. ಪಕ್ಕದಲ್ಲೇ ಇನ್ನೂ ಎರಡು.

"ಈಗ ತಾನೇ ಮೊಮ್ಮಗೂನ ತೊಡೆ ಮೇಲಿಂದ ಇಳಿಸಿ ಬಂದಿದೀರಿ. ಇವೂ ಎಳೇವೇ. ಬಲಿಯೋವರೆಗಾದ್ರೂ ಇರಲಿ ಬಿಡಿ."

ಓನರಮ್ಮ ಬಗ್ಗಿ ನೋಡಿದಳು. ಬೆರಳ ತುದಿಯಿಂದ ಕಾಯಿಯನ್ನು ಮುಟ್ಟಿದಳು. ಮೈಮೇಲಿನ ಸಣ್ಣ ನವಿರು ಕೈಗೆ ತಾಗಿರಬೇಕು, ಮುಖ ಸ್ವಲ್ಪ ಸಡಿಲವಾಯಿತು.

"ಬಲಿಯೋಕೆ ಎಷ್ಟು ದಿನ ಬೇಕು?"

"ಒಂದು ವರ್ಷ" ಎಂದರು ಅತ್ತೆ.

ಅದು ಸುಳ್ಳಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮಗಳು ಬಾಯಿ ತೆರೆಯಲು ಹೋದಳು, ಹೆಂಡತಿ ಅವಳ ಕಾಲನ್ನು ಮೆಲ್ಲಗೆ ತುಳಿದಳು. ಶೆಡ್ಡಿನ ಇಬ್ಬರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ಆಕಾಶ ನೋಡಿದ. ಓನರಮ್ಮ ಹುಟ್ಟಿದ್ದೂ ಮಹಡಿಯ ಮೇಲೆಯೇ.

"ವರ್ಷ ಹಿಡಿಯುತ್ತಾ," ಎಂದಳು ಅವಳು, ಸೊಂಟದ ಮೇಲೆ ಕೈಯಿಟ್ಟು. "ಹಾಗಾದ್ರೆ ಮುಂದಿನ ವರ್ಷ ನೋಡೋಣ. ಆದ್ರೆ ಮೊದಲನೇ ಕಾಯಿ ನಂದು. ನನ್ನ ತಗಡಿನ ಮೇಲೆ ಬೆಳೆದಿದ್ದು."

"ಆಗ್ಲಮ್ಮಾ" ಎಂದಳು ಹೆಂಡತಿ. ಶೆಡ್ಡಿನವರು ಬಂದ ದಾರಿಯಲ್ಲೇ ಹೊರಟರು, ಓನರಮ್ಮ ಮಹಡಿ ಹತ್ತಿದಳು. ಅವಳ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆಯೇ ನಾಲ್ವರೂ ಉಸಿರು ಬಿಟ್ಟದ್ದು.

"ಅಜ್ಜಿ, ಕುಂಬಳಕಾಯಿ ಬಲಿಯೋಕೆ ಒಂದೂವರೆ ತಿಂಗಳು ಸಾಕು" ಎಂದಳು ಮಗಳು.

"ಹೌದಾ? ಹಾಗಾದ್ರೆ ಹತ್ತು ಸಲ ಬೆಳೀಬಹುದಲ್ಲ" ಎಂದರು ಅತ್ತೆ. ಲೆಕ್ಕವೂ ಅವರ ತೋಟಗಾರಿಕೆಯ ಹಾಗೇ ಇತ್ತು.

ದರ್ಜಿ ಇನ್ನೂ ಬಾಗಿಲಲ್ಲೇ ನಿಂತಿದ್ದ. ಹೆಂಡತಿ ಬಕೆಟ್ಟು ತುಂಬಿ ತಂದು ಮೆಟ್ಟಿಲ ಬಳಿ ಇಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಂತು ನೋಡಿದ್ದು ಸಾಕು. ಆ ಕಡೆ ಮೂಲೆಗೆ ನೀರು ಹಾಕ್ಬೇಕು, ನನ್ನ ಸೊಂಟ ಬಿದ್ದುಹೋಗಿದೆ."

"ಇಳೀಲಾ?"

"ಮತ್ತೆ ಅಲ್ಲಿಂದಲೇ ಎಸೀತೀರಾ?"

ಕತ್ತರಿಯನ್ನು ಕಿಟಕಿಯ ಮೇಲಿಟ್ಟು ಅವನು ಇಳಿದ. ಮೊದಲ ಹೆಜ್ಜೆ ಇಡುವಷ್ಟರಲ್ಲೇ ನಿಲ್ಲಬೇಕಾಯಿತು, ಕಾಲ ಬಳಿ ಹಳದಿ ಹೂವೊಂದು ಬಾಯಿ ತೆರೆದಿತ್ತು. ಅದನ್ನು ಬಳಸಿದರೆ ಅಲ್ಲೊಂದು ಕುಡಿ, ಕುಡಿ ದಾಟಿದರೆ ಬೀನ್ಸು. ಬಕೆಟ್ಟು ಎತ್ತಿ ಹಿಡಿದು, ಒಂಟಿಕಾಲಲ್ಲಿ ತೂಗಿ, ಅಲ್ಲಿ ಎಗರಿ, ಇಲ್ಲಿ ಹೊರಳಿ ಅವನು ಮೂಲೆ ಸೇರುವಷ್ಟರಲ್ಲಿ ಅರ್ಧ ನೀರು ಅವನ ಪ್ಯಾಂಟಿಗೇ ಬಿದ್ದಿತ್ತು. ಮಗಳು ಎಣಿಸಿದಳಂತೆ, ಹದಿನೆಂಟು ಅಡಿಗೆ ಮೂವತ್ತೊಂದು ಹೆಜ್ಜೆ. ಹೆಂಡತಿ ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತಳು.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಯಾರೋ ಕರೆದರು. "ಮಾಸ್ಟರೇ, ಕೋಟು ಆಯ್ತಾ?"

"ಕೂತ್ಕೊಳ್ಳಿ" ಎಂದು ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು. "ಅವರು ತೋಟದಲ್ಲಿದಾರೆ. ಬರೋಕೆ ತಡ ಆಗುತ್ತೆ."